ಷೇರಿನ ಬೆಲೆಯಲ್ಲಿ ಸೇರದ ಕೆಸರುಕೊಳ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ತೈಲಮರಳು ಕಂಪನಿಗಳಲ್ಲಿ ಹಣ ಹೂಡಬೇಕೆನ್ನುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸಾಮಾನ್ಯ ತೈಲಬಾವಿಯ ಇಳುವರಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಅಥಾಬಾಸ್ಕ ನದಿಯ ಆಸುಪಾಸಿನ ಗಣಿಗಳಾದರೋ ದಶಕಗಟ್ಟಲೆ ತೈಲ ನೀಡಬಲ್ಲವು. ಇಂದು ಸನ್‌ಕೋರ್ ಎನಿಸಿರುವ ಸಂಸ್ಥೆ 1967ರಲ್ಲಿ ಅಲ್ಲಿ ಆರಂಭಿಸಿದ ಉದ್ಯಮ ಇನ್ನೂ ನಿಂತಿಲ್ಲ. 2020ರಲ್ಲಿ ತೈಲಬೆಲೆ ಕುಸಿದಾಗ ಅದು ಲಾಭಾಂಶವನ್ನು ಶೇ. 55ರಷ್ಟು ಕಡಿತಗೊಳಿಸಿತು, ಮರುವರ್ಷವೇ ಇಮ್ಮಡಿಗೊಳಿಸಿತು. ಈ ಏರಿಳಿತ ಹೂಡಿಕೆದಾರನ ಕಣ್ಣಿಗೆ ಕಾಣುವಂಥದು. ಕಾಣದಿರುವುದು ಕೆಸರುಕೊಳದ ಲೆಕ್ಕ.

ಒಂದು ಬ್ಯಾರೆಲ್ ತೈಲಕ್ಕೆ ಸುಮಾರು ಎರಡು ಟನ್ ಮರಳನ್ನು ಅಗೆದು ಬಿಸಿನೀರಿನಲ್ಲಿ ತೊಳೆಯಬೇಕು. ಉಳಿಯುವ ವಿಷಮಿಶ್ರಿತ ನೀರು, ಜೇಡಿ, ಡಾಂಬರಿನ ಜಿಡ್ಡು ಕೊಳಗಳನ್ನು ಸೇರುತ್ತವೆ. ಅದರ ನುಣುಪು ಜೇಡಿ ತಳ ಸೇರಿ ಗಟ್ಟಿಯಾಗಲು ದಶಕಗಳೇ ಬೇಕು. 2008ರ ಏಪ್ರಿಲ್‌ನಲ್ಲಿ ಸಿಂಕ್ರೂಡ್ ಕಂಪನಿಯ ಇಂಥದೊಂದು ಕೊಳದಲ್ಲಿ ಇಳಿದ 1,600ಕ್ಕೂ ಹೆಚ್ಚು ಬಾತುಗಳು ಸತ್ತವು. 2010ರಲ್ಲಿ ಕಂಪನಿ 30 ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಅಗೆದ ನೆಲವನ್ನು ಮತ್ತೆ ಹಸನುಗೊಳಿಸುವ ಹೊಣೆ ಕಾನೂನಿನಂತೆ ಕಂಪನಿಯದೇ. ಆದರೆ ಅದಕ್ಕೆ ಪೂರ್ಣ ಠೇವಣಿ ಇಡಬೇಕಿಲ್ಲ. ಇನ್ನೂ ಅಗೆಯದ ನಿಕ್ಷೇಪದ ಮೌಲ್ಯವನ್ನೇ ಭದ್ರತೆಯೆಂದು ತೋರಿಸಲು ನಿಯಮದಲ್ಲಿ ಅವಕಾಶವಿದೆ. ಆಲ್ಬರ್ಟಾದ ಮಹಾಲೆಕ್ಕ ಪರಿಶೋಧಕರ 2015ರ ವರದಿಯಂತೆ, ಅಲ್ಲಿನ ತೈಲಮರಳು ಹಾಗೂ ಕಲ್ಲಿದ್ದಲು ಗಣಿಗಳ ಪುನಶ್ಚೇತನದ ಹೊಣೆ 2,080 ಕೋಟಿ ಡಾಲರ್. ಸರ್ಕಾರದ ಕೈಯಲ್ಲಿದ್ದ ಭದ್ರತೆ ಕೇವಲ 157 ಕೋಟಿ. ತೈಲದ ಬೇಡಿಕೆ ಕುಗ್ಗಿದ ದಿನ ನಿಕ್ಷೇಪದ ಬೆಲೆಯೂ ಕುಸಿಯುತ್ತದೆ. ಭದ್ರತೆ ಅತ್ಯಗತ್ಯವಾಗುವುದೂ ಆ ದಿನವೇ!

ಲೆಕ್ಕಶಾಸ್ತ್ರವೂ ಈ ಮರೆವಿಗೆ ನೆರವಾಗುತ್ತದೆ. ಐವತ್ತು ವರ್ಷಗಳ ನಂತರ ತೆರಬೇಕಾದ ನೂರು ಡಾಲರ್, ಶೇ. 8ರ ದರದಲ್ಲಿ ಕಳೆದರೆ, ಇಂದಿನ ಅಢಾವೆ ಪತ್ರಿಕೆಯಲ್ಲಿ ಸುಮಾರು ಎರಡೇ ಡಾಲರ್. ಕೊಳ ಮಾತ್ರ ಹಾಗೆ ಕಿರಿದಾಗುವುದಿಲ್ಲ.

ನಾರ್ವೆಯ ಸರ್ಕಾರಿ ನಿಧಿ 2020ರಲ್ಲಿ ಸನ್‌ಕೋರ್ ಸೇರಿದಂತೆ ನಾಲ್ಕು ತೈಲಮರಳು ಕಂಪನಿಗಳನ್ನು ಹಸಿರುಮನೆ ಅನಿಲಗಳ ಕಾರಣಕ್ಕೆ ಕೈಬಿಟ್ಟಿತು. ಮುಂದೆ ತೈಲಬೆಲೆ ಏರಿ ಷೇರುಗಳೂ ಏರಿದವೆಂಬುದು ನಿಜ. ಆದರೆ ಆ ಲಾಭ ತೀರದ ಸಾಲದ ಮೇಲೆ ನಿಂತ ಲಾಭ. ಷೇರುದಾರ ಬೇಕೆಂದ ದಿನ ಮಾರಿ ಹೊರಟುಹೋಗಬಲ್ಲ. ನದಿಯ ಕೆಳಹರಿವಿನ ಫೋರ್ಟ್ ಚಿಪೆವಯಾನ್‌ನ ಮೂಲನಿವಾಸಿಗಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರಿಸದ ಯಾವ ಮೌಲ್ಯಮಾಪನವೂ ಪೂರ್ಣವಲ್ಲ.