ಪ್ರಶ್ನೆಯ ಭಾಷೆ: ಆರೋಗ್ಯ ಸಂಶೋಧನೆ ಮತ್ತು ಕನ್ನಡ ವಿಭಾಗಗಳು

ಎಪಿಡೆಮಿಯಾಲಜಿಗೆ ಕನ್ನಡದಲ್ಲಿ ರೂಢವಾಗಿರುವ ‘ಸಾಂಕ್ರಾಮಿಕ ರೋಗಶಾಸ್ತ್ರ’ ಎಂಬ ಹೆಸರು ಅದು ಅಂಟುರೋಗಗಳಿಗಷ್ಟೇ ಸಂಬಂಧಿಸಿದ್ದೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮಧುಮೇಹ, ಕ್ಯಾನ್ಸರ್, ಕಾರ್ಖಾನೆಯ ಅಪಘಾತ ಎಲ್ಲವೂ ಅದರ ವಿಷಯಗಳೇ. ಯಾವ ರೋಗ ಯಾರಿಗೆ, ಎಲ್ಲಿ, ಯಾವಾಗ, ಏಕೆ ಬರುತ್ತದೆ ಎಂಬುದನ್ನು ಜನಸಮುದಾಯದ ನೆಲೆಯಲ್ಲಿ ಅರಿಯುವುದು ಈ ಶಾಸ್ತ್ರದ ಉದ್ದೇಶ. ಆ ಅರಿವಿನ ದೊಡ್ಡ ಪಾಲು ಮನೆಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳಿಂದ ಒದಗುತ್ತದೆ. ಆದ್ದರಿಂದ ಇದು ವೈದ್ಯರಿಗೆ ಮತ್ತು ಸಂಖ್ಯಾಶಾಸ್ತ್ರಜ್ಞರಿಗೆ ಬಿಟ್ಟ ವಿಷಯವೆಂದು ಭಾಷೆಯ ವಿದ್ಯಾರ್ಥಿಗಳು ದೂರ ಸರಿಯುವುದು ಸರಿಯಲ್ಲ.

ಇದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಮಹತ್ವದ ನಿದರ್ಶನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960–61ರ ಅವಧಿಯಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ಕೈಗೊಂಡಿತು. ಹಳ್ಳಿಗರಿಗೆ ರೋಗದ ಅರಿವಿಲ್ಲ, ರೋಗಿಗಳನ್ನು ಸರ್ಕಾರವೇ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಆಗ ಪ್ರಬಲವಾಗಿತ್ತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಸಮೀಕ್ಷೆಯಲ್ಲಿ ಕಂಡುಬಂದ ರೋಗಿಗಳ ಜೊತೆಗೆ ಹೋಲಿಕೆಗಾಗಿ ರೋಗವಿಲ್ಲದವರನ್ನೂ ಮಾತನಾಡಿಸಲಾಯಿತು. ಕೆಮ್ಮು ಎಲ್ಲರಿಗೂ ಬರುವಂಥದು. ರೋಗವಿಲ್ಲದವರಲ್ಲಿ ಅದು ಎಷ್ಟಿದೆ ಎಂದು ತಿಳಿಯದೆ ರೋಗಿಗಳ ಕೆಮ್ಮಿಗೆ ಅರ್ಥ ಹೇಳಲು ಬಾರದು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಕಂಡವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಗಾಗಿ ಹೋಗಿಯೂ ಬಂದಿದ್ದರು. ಅಂಥವರನ್ನು ಕೆಮ್ಮಿನ ಔಷಧದ ಸೀಸೆ ಕೊಟ್ಟು ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ದೋಷ ಹಳ್ಳಿಗರ ಅಜ್ಞಾನದಲ್ಲಿರಲಿಲ್ಲ. ಕೆಮ್ಮೆಂದು ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನೀತಿಗೆ ಈ ಬಗೆಯ ಅಧ್ಯಯನಗಳೇ ಆಧಾರವಾದವು.

ಹಳ್ಳಿಗರ ಮಾತನ್ನು ಕೇಳಿದ್ದರಿಂದ ದೊರೆತ ತಿಳಿವು ಇದು. ಕೇಳುವ ಪದ ತಪ್ಪಿದರೆ ಏನಾದೀತೆಂಬುದನ್ನೂ ಯೋಚಿಸಬೇಕು. ನವಿ ಮುಂಬಯಿಯ ಘಣಸೋಲಿಯಲ್ಲಿ ಶ್ವಾಸರೋಗಗಳ ಅಧ್ಯಯನವೊಂದು ನಡೆಯುವುದೆಂದು ಊಹಿಸೋಣ. ಥಾಣೆ–ಬೇಲಾಪುರ ಕೈಗಾರಿಕಾ ಪಟ್ಟಿಯ ಮಗ್ಗುಲಿನ ಈ ಊರಿನಲ್ಲಿ ಹೊಗೆ, ಧೂಳು, ಬೀಡಿ ಇವುಗಳ ಪಾಲು ಎಷ್ಟೆಂದು ಕೇಳುವುದು ಸಹಜ. ಹೊರನಾಡಿನ ಕನ್ನಡಿಗ ಕೂಲಿಕಾರನಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಪ್ರಶ್ನೆ ಹಾಕಿದರೆ ಅವನು ಎರವಲು ಮಾತಿನಲ್ಲಿ ತೋಚಿದ್ದನ್ನು ಹೇಳಿಯಾನು. ಕನ್ನಡದಲ್ಲಿ ಕೇಳಿದರೂ ತೊಡಕು ತಪ್ಪದು. ‘ಉಬ್ಬಸ’ವೆಂಬ ಪದ ಒಬ್ಬನಿಗೆ ಪರಿಚಿತ, ಇನ್ನೊಬ್ಬನಿಗೆ ಅದೇ ‘ದಮ್ಮು’. ಬೆಂಗಳೂರಿನ ಕಡೆಯವನಿಗೆ ದಮ್ಮು ಹೊಡೆಯುವುದೆಂದರೆ ಬೀಡಿ ಸಿಗರೇಟು ಸೇದುವುದು. ದಮ್ಮು ಇದೆಯೇ ಎಂದರೆ ಎದೆಗಾರಿಕೆಯ ಮಾತು. ರೋಗವೂ ಅದರ ಕಾರಣವೂ ಒಂದೇ ಪದದಲ್ಲಿ ಬೆರೆತುಹೋಗುವ ಅಪಾಯ ಇಲ್ಲಿದೆ. ಕೆಮ್ಮು ಎಷ್ಟು ವಾರದಿಂದ ಎಂಬ ಪ್ರಶ್ನೆಗೆ ‘ಪಂಚಮಿಯಿಂದ’ ಎಂಬ ಉತ್ತರ ಬಂದರೆ ಅದನ್ನು ದಿನಗಳಿಗೆ ತಿರುಗಿಸಲು ಕೇಳುವವನಿಗೆ ನಾಡಿನ ಪಂಚಾಂಗ ಗೊತ್ತಿರಬೇಕು. ಐನೂರರ ಬದಲು ಐದು ಸಾವಿರ ಜನರನ್ನು ಕೇಳಿದರೂ ಈ ಬಗೆಯ ತಪ್ಪು ಕರಗುವುದಿಲ್ಲ. ತಪ್ಪಿನ ಮೇಲಿನ ವಿಶ್ವಾಸ ಮಾತ್ರ ಹೆಚ್ಚುತ್ತದೆ.

ಅನುದಾನ ಕೋರುವ ಪ್ರಸ್ತಾವದಲ್ಲಿ ಸಂಶೋಧನ ಪ್ರಶ್ನೆ, ಉದ್ದೇಶ, ಅಧ್ಯಯನದ ವಿನ್ಯಾಸ, ಮಾದರಿಯ ಗಾತ್ರ, ವಿಶ್ಲೇಷಣೆಯ ಕ್ರಮ, ನೈತಿಕ ಎಚ್ಚರ, ಕಾಲಪಟ್ಟಿ, ವೆಚ್ಚ ಇವೆಲ್ಲ ಇರಬೇಕಾಗುತ್ತದೆ. ಭಾಷೆಯು ‘ಅನುವಾದ ವೆಚ್ಚ’ ಎಂಬ ಒಂದು ಸಾಲಿಗೆ ಇಳಿಯಬಾರದು. ಸಮ್ಮತಿಪತ್ರವು ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ನಿಜವಾಗಿ ಪಾಲಿಸಬೇಕಾದರೆ ಸ್ಥಳೀಯ ಪದಗಳ ಸಂಗ್ರಹ, ಅನುವಾದ, ಮೂಲವನ್ನು ನೋಡದವರಿಂದ ಮರು ಅನುವಾದ, ಕೆಲವರೊಡನೆ ಪೂರ್ವಪರೀಕ್ಷೆ, ತಿದ್ದುಪಡಿ ಇವುಗಳಿಗೆ ಮೊದಲೇ ಕಾಲವನ್ನೂ ಹಣವನ್ನೂ ಮೀಸಲಿಡಬೇಕು. ಪಾಠಾಂತರಗಳನ್ನು ಹೋಲಿಸಿ ನೋಡುವ ಗ್ರಂಥಸಂಪಾದನೆ, ಉಪಭಾಷೆಗಳ ಅಧ್ಯಯನ, ಜಾನಪದ ಕ್ಷೇತ್ರಕಾರ್ಯ ಇವುಗಳಲ್ಲಿ ಪಳಗಿದ ಕನ್ನಡ ವಿದ್ಯಾರ್ಥಿಗೆ ಈ ಕೆಲಸ ಹೊರಗಿನದಲ್ಲ.

ಕಲಿಯಬೇಕಾದದ್ದೂ ಕನ್ನಡ ವಿಭಾಗಗಳಿಗೆ ಸಾಕಷ್ಟಿದೆ. ‘ಒಂದು ಅಧ್ಯಯನ’ ಎಂದು ಮುಗಿಯುವ ಮಹಾಪ್ರಬಂಧಗಳ ಸಾರಲೇಖಗಳಲ್ಲಿ ಅನೇಕ ವೇಳೆ ವಿಷಯವಿರುತ್ತದೆ, ಪ್ರಶ್ನೆಯಿರುವುದಿಲ್ಲ. ಯಾವ ಆಕರ, ಎಷ್ಟು, ಏಕೆ ಅಷ್ಟೇ, ಯಾವುದರೊಡನೆ ಹೋಲಿಕೆ, ಯಾವ ಸಾಕ್ಷ್ಯ ದೊರೆತರೆ ಊಹೆಯನ್ನು ಕೈಬಿಡಬೇಕು ಎಂಬುದನ್ನು ಮೊದಲೇ ಬರೆದಿಡುವ ಶಿಸ್ತು ಸಾಹಿತ್ಯ ಸಂಶೋಧನೆಗೂ ಒಳ್ಳೆಯದೇ.

ಸಾಹಿತ್ಯದ ವಿಭಾಗ ಇಂಥ ಕೆಲಸಕ್ಕೆ ತೊಡಗಿದರೆ ಕಾವ್ಯಾಧ್ಯಯನ ಸೊರಗೀತೆಂಬ ಆತಂಕ ಅಸಹಜವಲ್ಲ. ಆದರೆ ಸ್ನಾತಕೋತ್ತರ ತರಗತಿಯಲ್ಲಿ ಒಂದು ಐಚ್ಛಿಕ ಪತ್ರಿಕೆ, ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರೊಡನೆ ಕೂಡಿ ನಡೆಸುವ ಒಂದು ಕಾರ್ಯಶಿಬಿರ, ಕನ್ನಡದಲ್ಲಿಯೇ ಸಿದ್ಧಪಡಿಸುವ ಒಂದು ಮಾದರಿ ಪ್ರಸ್ತಾವ ಇಷ್ಟರಿಂದ ಪಂಪ ಕುಮಾರವ್ಯಾಸರಿಗೆ ಕುಂದು ಬಾರದು. ತುಮಕೂರಿನ ರೋಗಿ ಸೀಸೆ ಹಿಡಿದು ಹಿಂದಿರುಗಿದ್ದು ಮಾತು ಬಾರದೆ ಅಲ್ಲ, ಅವನ ಮಾತನ್ನು ಕೇಳಿಸಿಕೊಳ್ಳುವವರಿಲ್ಲದೆ. ಘಣಸೋಲಿಯ ಕೂಲಿಕಾರನಿಗೂ ಹಾಗಾಗದಂತೆ ನೋಡಿಕೊಳ್ಳುವ ಹೊಣೆಯಲ್ಲಿ ಕನ್ನಡ ಕಲಿಸುವವರಿಗೂ ಪಾಲಿದೆ.