ಪದವಿಯ ಸಂತೆ, ಕೇರಿಯ ಸಾಲ

ದನದ ಸಂತೆಗೆ ಹೋದ ನಮ್ಮ ಮಂದಿ ಎಮ್ಮೆ ಕೊಳ್ಳುವ ಮೊದಲು ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಕೆಚ್ಚಲು ಮುಟ್ಟಿ ನೋಡುತ್ತಾರೆ. ಎರಡು ಹೊತ್ತು ಹಾಲು ಹಿಂಡಿಸುತ್ತಾರೆ. ನಾಲ್ಕು ಜನರನ್ನು ಕೇಳುತ್ತಾರೆ. ಅದೇ ಮಂದಿ ಮಗನಿಗೆ ಪದವಿ ಕೊಳ್ಳುವಾಗ ಮಾತ್ರ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುತ್ತಾರೆ. ಯಾಕೆ? ದಡ್ಡರೆಂದೇ? ಅಲ್ಲ. ಎಮ್ಮೆಯನ್ನು ಅವರು ತಲೆಮಾರುಗಳಿಂದ ಬಲ್ಲರು. ಅಕ್ಷರವನ್ನು ಅವರ ಹತ್ತಿರ ಸುಳಿಯಗೊಟ್ಟಿಲ್ಲ. ಅಂದು ಅಕ್ಷರ ಕೊಡದೆ ದುಡಿಸಿಕೊಂಡರು. ಇಂದು ಅಕ್ಷರದ ಹಸಿವನ್ನೇ ತೋರಿಸಿ ದೋಚುತ್ತಿದ್ದಾರೆ. ಜಾತಿಯ ಹಳೆಯ ಪಾಪಕ್ಕೆ ಹೊಸ ಅಂಗಡಿಯವನು ಬಡ್ಡಿ ಎಣಿಸುತ್ತಿದ್ದಾನೆ.

ಫೋನು ಹೀಗೆ ಬರುತ್ತದೆ:

"ನಮಸ್ಕಾರ್ರೀ ಅಕ್ಕಾರ, ನಿಮ್ಮ ಮಗಂದು ಸೀಟು ಆಗೇತ್ರಿ. ಮನ್ಯಾಗ ಕುಂತ ಡಿಗ್ರಿ. ನೌಕರಿ ಗ್ಯಾರಂಟಿ. ಇವತ್ತ ಸಂಜೀ ಒಳಗ ಬುಕ್ ಮಾಡ್ರಿ, ನಾಳೆ ಫೀ ಹೆಚ್ಚಾಕ್ಕೈತಿ."

"ರೊಕ್ಕ ಎಲ್ಲಿ ತರೂಣೋ ಯಪ್ಪಾ?"

"ರೊಕ್ಕ ಈಗ ಯಾಕ್ರೀ? ತಿಂಗಳಾ ಸ್ವಲ್ಪ ಸ್ವಲ್ಪ ಕಟ್ಟೂದು. ಆಧಾರ್ ನಂಬರ್ ಹೇಳ್ರಿ. ಫೋನಿಗೆ ಒಂದು ಓಟಿಪಿ ಬಂದೈತಿ ನೋಡ್ರಿ, ಅಷ್ಟ ಹೇಳಿಬಿಡ್ರಿ."

ಅಷ್ಟೇ. ಆ ತಾಯಿ ಫೀಸಿನ ಕಂತು ಒಪ್ಪಿಕೊಂಡೆ ಎಂದುಕೊಂಡಳು. ಆದರೆ ಅವಳ ಹೆಸರಿನಲ್ಲಿ ಹುಟ್ಟಿದ್ದು ಒಂದು ಫೈನಾನ್ಸ್ ಕಂಪನಿಯ ಸಾಲ. ಕಾಲೇಜಿಗೆ ಇಡೀ ಹಣ ಮುಂಗಡವಾಗಿ ಮುಟ್ಟಿತು. ಫೋನು ಮಾಡಿದವನಿಗೆ ತಿಂಗಳ ಟಾರ್ಗೆಟ್ ಮುಟ್ಟಿತು. ಹುಡುಗ ಓದಲಿ, ಬಿಡಲಿ, ಕಂತು ಮಾತ್ರ ನಿಲ್ಲುವುದಿಲ್ಲ. ಕರೆ ಮಾಡಿದವನು ತನ್ನನ್ನು 'ಕೌನ್ಸೆಲರ್' ಎಂದು ಕರೆದುಕೊಳ್ಳುತ್ತಾನೆ. ಸಲಹೆಗಾರನಂತೆ! ಸಂತೆಯಲ್ಲಿ ಇಂಥವನಿಗೆ ದಲ್ಲಾಳಿ ಅನ್ನುತ್ತಾರೆ. ಅಲ್ಲಿಯ ದಲ್ಲಾಳಿಗೆ ಕನಿಷ್ಠ ಮುಖವಾದರೂ ಇರುತ್ತದೆ, ಮುಂದಿನ ವಾರ ಹೋಗಿ ಕೊರಳಪಟ್ಟಿ ಹಿಡಿಯಬಹುದು.

ಇದು ಬೆಂಗಳೂರಿನ ಕಥೆ, ನಮಗೇನು ಎನ್ನುವ ಗೆಳೆಯರಿಗೆ ನಮ್ಮ ಊರಿನ ಕೀರ್ತಿಯನ್ನೇ ಹೇಳುತ್ತೇನೆ. ಗೋಕಾಕ ಎಂದರೆ ಕರದಂಟು, ಗೋಕಾಕ ಎಂದರೆ ಘಟಪ್ರಭೆಯ ಜಲಪಾತ. ದಿಲ್ಲಿಯಲ್ಲಿ ಕುಳಿತ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಡತದಲ್ಲಿ ಮಾತ್ರ ಗೋಕಾಕಕ್ಕೆ ಇನ್ನೊಂದು ಗುರುತಿದೆ. ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡ ಹೆಸರು: ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ, ಗೋಕಾಕ, ಬೆಳಗಾವಿ. 2023ರ ಪಟ್ಟಿಯಲ್ಲಿ ದೇಶದ 20 ಹೆಸರುಗಳಿದ್ದವು. ಅದರಲ್ಲಿ ಕರ್ನಾಟಕದ್ದು ಇದೊಂದೇ. ಪದವಿ ಕೊಡುವ ಅಧಿಕಾರ ಇದಕ್ಕಿಲ್ಲ ಎಂದು ಆಯೋಗ ಸಾರುತ್ತಲೇ ಬಂದಿದೆ. ಆ ಹೆಸರನ್ನು ಇನ್ನೊಮ್ಮೆ ಓದಿ. 'ಸರ್ಕಾರ್' ಇದೆ, 'ವರ್ಲ್ಡ್' ಇದೆ, 'ಯೂನಿವರ್ಸಿಟಿ' ಇದೆ. 'ಸರ್ಕಾರ್' ಅಲ್ಲಿಗೆ ಹೇಗೆ ಬಂತೋ, ಕೇರಿಯ ಕಿವಿಗಂತೂ ಸರಕಾರದ್ದೆಂದೇ ಕೇಳುತ್ತದೆ.

ಪಟ್ಟಿ ಮಾಡಿದ ಆಯೋಗ ಕೈಯಲ್ಲಿ ಬೆತ್ತ ಹಿಡಿದಿದೆಯೇ? ಅದನ್ನೂ ನೋಡಿ. 1956ರ ಯುಜಿಸಿ ಕಾಯ್ದೆಯ 22ನೆಯ ಕಲಮು, ಅಧಿಕಾರವಿಲ್ಲದವರು ಪದವಿ ಕೊಡಬಾರದು ಎನ್ನುತ್ತದೆ. 23ನೆಯದು, 'ವಿಶ್ವವಿದ್ಯಾಲಯ' ಎಂಬ ಹೆಸರನ್ನೇ ಇಟ್ಟುಕೊಳ್ಳಬಾರದು ಎನ್ನುತ್ತದೆ. ಮೀರಿದರೆ? 24ನೆಯ ಕಲಮಿನಲ್ಲಿ ಬರೆದ ದಂಡ ಹೆಚ್ಚೆಂದರೆ 1000 ರೂಪಾಯಿ. ಸಾವಿರ ರೂಪಾಯಿ! ಕಬ್ಬು ಕಡಿಯುವ ಗಂಡ ಹೆಂಡಿರು ಕೆಲವೇ ದಿನಗಳಲ್ಲಿ ದುಡಿಯುವ ಹಣ. ಒಂದು ಪೀಳಿಗೆಯ ಭವಿಷ್ಯ ಕದ್ದವನಿಗೆ ಇಷ್ಟು. ಗದ್ದೆಯಿಂದ ನಾಲ್ಕು ಜಲ್ಲೆ ಕಬ್ಬು ಮುರಿದ ಕೇರಿಯ ಹುಡುಗನಿಗೆ ಎಷ್ಟು ಏಟು ಬೀಳುತ್ತವೆ ಎಂಬುದು ನಿಮಗೆ ಗೊತ್ತು.

ಹಾಗಾದರೆ ಸರಕಾರಿ ಮುದ್ರೆ ಇದ್ದಲ್ಲಿ ಹೋಗೋಣ ಎಂದಿರಾ? ಅಲ್ಲಿಯೂ ಪೆಟ್ಟು ತಿಂದಿದ್ದೇವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗಾಗಿ 1996ರಲ್ಲಿ ಹುಟ್ಟಿದ್ದು. ಕೂಲಿ ಮಾಡುತ್ತ ಓದಿದವರು, ಮಕ್ಕಳಾದ ಮೇಲೆ ಪುಸ್ತಕ ಹಿಡಿದ ಹೆಣ್ಣುಮಕ್ಕಳು ಅದರಿಂದ ಬೆಳಕು ಕಂಡಿದ್ದಾರೆ. ಆದರೆ ಅದು ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ತಾಂತ್ರಿಕ ಕೋರ್ಸುಗಳವರೆಗೆ ಕೈಚಾಚಿತು. 2012-13ರ ಮುಂದೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯುಜಿಸಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018-19ರಿಂದ. ನಡುವಿನ ಹುಡುಗರು? ಅಂಕಪಟ್ಟಿ ಕೈಯಲ್ಲಿ, ಬೆಲೆ ಗಾಳಿಯಲ್ಲಿ. ತಪ್ಪು ಮಾಡಿದವರು ಕುರ್ಚಿಯ ಮೇಲಿದ್ದರು. ಶಿಕ್ಷೆ ಅನುಭವಿಸಿದವರು ಬೆಂಚಿನ ಮೇಲಿದ್ದರು.

ಆ ಪಾಠದ ನಂತರವಾದರೂ ಕಾನೂನು ಬಂದಿದೆ. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಗೆ 2020ರಲ್ಲಿ ಯುಜಿಸಿ ನಿಯಮ ಮಾಡಿತು. ಫ್ರಾಂಚೈಸಿ ಕೊಟ್ಟು ಇಂಥ ಪದವಿ ನಡೆಸುವಂತಿಲ್ಲ ಎಂದು 2022ರ ಜನವರಿಯಲ್ಲಿ ಮತ್ತೆ ಎಚ್ಚರಿಸಿತು. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿಯಂಥವುಗಳಿಗೆ ಆನ್‌ಲೈನ್ ಪದವಿಯೇ ಇಲ್ಲ. ಕಂಪನಿಗಳು ಮಾರುತ್ತಿದ್ದ ಆನ್‌ಲೈನ್ ಪಿಎಚ್.ಡಿ.ಗೂ ಮಾನ್ಯತೆ ಇಲ್ಲವೆಂದು ಅದೇ ವರ್ಷ ಹೇಳಿತು. ಆದರೆ ಈ ಪ್ರಕಟಣೆಗಳು ಇಂಗ್ಲಿಷಿನಲ್ಲಿ, ದಿಲ್ಲಿಯಲ್ಲಿ. ದಲ್ಲಾಳಿಯ ಫೋನು ಅಚ್ಚ ಕನ್ನಡದಲ್ಲಿ, ಅಡಿಗೆಮನೆಯಲ್ಲಿ. ಯಾರ ಮಾತು ಮೊದಲು ಮುಟ್ಟೀತು?

ಇದು ನಮ್ಮ ದೇಶದ ರೋಗವಷ್ಟೇ ಅಲ್ಲ. ಅಮೆರಿಕದಲ್ಲಿ ಕೊರಿಂಥಿಯನ್ ಎಂಬ ಲಾಭಕೋರ ಕಾಲೇಜು ಕಂಪನಿ ಇತ್ತು. ಒಂಟಿಯಾದವರು, ತಮ್ಮ ಬಗ್ಗೆ ತಮಗೇ ಕೀಳರಿಮೆ ಇದ್ದವರು, ಕಾಳಜಿ ಮಾಡುವವರಿಲ್ಲದವರು, ಇಂಥವರನ್ನೇ ಅದು ಗುರಿಯಿಟ್ಟು ಹಿಡಿಯುತ್ತಿತ್ತು ಎಂದು ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ, ಕಂಪನಿಯದೇ ಕಾಗದಗಳನ್ನು ಮುಂದಿಟ್ಟು, ದಾವೆ ಹೂಡಿತು. 2015ರಲ್ಲಿ ಕಂಪನಿ ಬಾಗಿಲು ಹಾಕಿತು. 2022ರಲ್ಲಿ ಅಲ್ಲಿಯ ಸರಕಾರ 5,60,000 ಜನರ ಸಾಲ ಮನ್ನಾ ಮಾಡಬೇಕಾಯಿತು. ಅಲ್ಲಿ ಲಾಭಕೋರ ಕಾಲೇಜುಗಳ ಬಲೆಗೆ ಹೆಚ್ಚಾಗಿ ಬಿದ್ದವರು ಬಡವರು, ಕರಿಯರು, ಒಂಟಿ ತಾಯಂದಿರು. ಇಲ್ಲಿ ಯಾರು ಬೀಳುತ್ತಾರೆಂದು ಬಿಡಿಸಿ ಹೇಳಬೇಕೆ? ಬೇಟೆಗಾರ ಎಲ್ಲ ದೇಶದಲ್ಲಿಯೂ ಗಾಯಗೊಂಡ ಜಿಂಕೆಯನ್ನೇ ಹುಡುಕುತ್ತಾನೆ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಮನೆಯಲ್ಲಿ ಕುಳಿತು ಓದುವುದರ ವಿರುದ್ಧ ನನ್ನ ಜಗಳವಿಲ್ಲ. ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಓದುವವನಿಗೆ ಆ ದಾರಿ ಬೇಕು. ಜಗಳ ಇರುವುದು, ಓದನ್ನು ಲಾಟರಿ ಚೀಟಿಯಂತೆ ಮಾರುವವರ ಜೊತೆ. ಜಗಳ ಇರುವುದು, ಸರಕಾರಿ ಕಾಲೇಜುಗಳನ್ನು ಅತಿಥಿ ಉಪನ್ಯಾಸಕರ ಅರೆಹೊಟ್ಟೆಯ ಮೇಲೆ ನಡೆಸುತ್ತ, ಹಾಸ್ಟೆಲ್ ಸೀಟಿಗೆ ಹುಡುಗರನ್ನು ಅಲೆದಾಡಿಸುತ್ತ, ಕೊನೆಗೆ ಅವರನ್ನು ದಲ್ಲಾಳಿಯ ಬಾಯಿಗೆ ತಳ್ಳುವ ಸರಕಾರದ ಜೊತೆ. 1882ರಲ್ಲೇ ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಶೂದ್ರಾತಿಶೂದ್ರರ ಮಕ್ಕಳಿಗೆ ಶಿಕ್ಷಣ ಕೇಳಿದರು. ಇಷ್ಟು ವರ್ಷಗಳ ನಂತರ ನಮಗೆ ಸಿಕ್ಕಿದ್ದು ಕಂತಿನ ಶಿಕ್ಷಣವೇ?

ಈಗ ನಮ್ಮ ಕಡೆಗೇ ಬೆರಳು ತಿರುಗಿಸುತ್ತೇನೆ. ಮೇಷ್ಟ್ರೇ, ಹತ್ತು ಹುಡುಗರ ನಂಬರು ಕೊಟ್ಟರೆ ಇಷ್ಟು ಎಂದು ಏಜೆಂಟ್ ನಿಮ್ಮ ಬಳಿಗೂ ಬಂದಿರಬೇಕಲ್ಲ? ಅಂಥ ಹಣ ಮುಟ್ಟಿದವರು ನಮ್ಮಲ್ಲೂ ಇದ್ದಾರೆ. ಅಂಬೇಡ್ಕರ್ ಫೋಟೋದ ಕೆಳಗೆ ಕುಳಿತು ಫಾರ್ಮು ತುಂಬಿಸಿದವರೂ ಇದ್ದಾರೆ. ಬಾಬಾಸಾಹೇಬರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದ್ದು ನಾವು ಕಮಿಷನ್ ತಿನ್ನಲೆಂದಲ್ಲ. ಕೇರಿಯ ಮೊದಲ ಅಕ್ಷರಸ್ಥನೇ ಕೇರಿಗೆ ದಲ್ಲಾಳಿಯಾದರೆ ಹೊರಗಿನ ಶತ್ರು ಯಾಕೆ ಬೇಕು?

ಮಾಡಬೇಕಾದದ್ದು ದೊಡ್ಡದಲ್ಲ. ಸೇರುವ ಮೊದಲು ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರೂ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿವೆಯೇ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ಆ ಕೋರ್ಸಿಗೆ ಇಲ್ಲದಿರಬಹುದು. 2024ರಿಂದ ಇಂಥ ಪ್ರವೇಶಕ್ಕೆ ವಿದ್ಯಾರ್ಥಿಯೇ ಡಿಇಬಿ ಐಡಿ ಪಡೆಯಬೇಕು. ಅದರ ಮಾತೇ ಎತ್ತದವನನ್ನು ಬಾಗಿಲಲ್ಲೇ ನಿಲ್ಲಿಸಿ. ಓಟಿಪಿ ಹೇಳಬೇಡಿ. ಫೀಸು ಎಂದು ಬಂದ ಕಾಗದದಲ್ಲಿ 'ಲೋನ್' ಎಂಬ ಶಬ್ದ ಹುಡುಕಿ. ಫೋನಿನ ಮೇಲೆಯೇ ಕೊಡುವ ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಒಂದು ಗವಾಕ್ಷಿ ಇಟ್ಟಿದೆ. ಆರಂಭದ ಗೊತ್ತಾದ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಬಹುದು. ಆ ಅವಧಿ ದಾಟುವ ಮೊದಲೇ ಬರೆದು ಕೇಳಿ.

ಹುಕ್ಕೇರಿಯಲ್ಲಿ 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಹಳ್ಳಿಗೆ ಕರೆಂಟು ಹಂಚಿದರು. ಅದರ ಸ್ವಿಚ್ಚು ಯಾರ ಕೈಯಲ್ಲಿತ್ತು ಎಂಬುದು ಬೇರೆ ಜಗಳ. ಸೇರಿ ಮಾಡಿದರೆ ದೀಪ ಹತ್ತುತ್ತದೆ ಎಂಬುದಂತೂ ನಿಜ. ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ರತಿ ಕೇರಿಯಲ್ಲಿ, ಫಲಿತಾಂಶ ಬಂದ ಆ ಎರಡು ತಿಂಗಳು, ಸಂಜೆ ಒಂದು ಗಂಟೆ ಒಬ್ಬ ಮೇಷ್ಟ್ರು, ಇಬ್ಬರು ಹುಡುಗರು ಕುಳಿತರೆ ಸಾಕು. ಬಂದವರ ಕಾಗದ ಓದಿ ಹೇಳಲಿ. ಎಮ್ಮೆಯ ಹಲ್ಲು ನೋಡುವ ನಮ್ಮ ಜನ ಪದವಿಯ ಹಲ್ಲನ್ನೂ ಎಣಿಸುವುದು ಕಲಿಯಲಿ. ಆಮೇಲೆ ಆ ಸಂತೆ ಹ್ಯಾಂಗ ಕೂಡತೈತೋ ನೋಡೂಣು.