ಕೇಡಗಾಂವದ ಆನಂದ

ಕ್ರೈಸ್ತ ಶ್ರದ್ಧೆ ಕೊಡುವ ಆನಂದದ ವಿಚಾರ ಬಂದಾಗ ನಮ್ಮ ನಗರಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ಮೈದಾನದಲ್ಲಿ ಪೆಂಡಾಲು ಹಾಕಿ ಧ್ವನಿವರ್ಧಕದಲ್ಲಿ ಸಾರುವ ಮಾತು: ನಂಬಿದರೆ ರೋಗ ವಾಸಿಯಾಗುತ್ತದೆ, ಸಾಲ ತೀರುತ್ತದೆ, ಕಣ್ಣೀರು ನಿಲ್ಲುತ್ತದೆ. ಇನ್ನೊಂದು, ಅದನ್ನು ಕೇಳಿ ನಕ್ಕು ಮುಂದೆ ಸಾಗುವ ಸುಶಿಕ್ಷಿತರ ಮಾತು: ಅದೆಲ್ಲ ದುಃಖಿಗಳಿಗೆ ಕೊಡುವ ಸಮಾಧಾನದ ಗುಳಿಗೆ. ಎರಡರ ಬುಡದಲ್ಲಿರುವ ಊಹೆ ಒಂದೇ: ಆನಂದವೆಂದರೆ ದುಃಖ ಇಲ್ಲದಿರುವ ಸ್ಥಿತಿ. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಒದಗಿಸಿದವರು ಪಂಡಿತಾ ರಮಾಬಾಯಿ.

ಹೊಸ ಒಡಂಬಡಿಕೆಯಲ್ಲಿ ಆನಂದದ ಮಾತು ಮತ್ತೆ ಮತ್ತೆ ಬರುವ ಬರಹಗಳಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರವೂ ಒಂದು. ನಾಲ್ಕೇ ಅಧ್ಯಾಯಗಳ ಆ ಪತ್ರವನ್ನು ಅವನು ಬರೆದದ್ದು ಸೆರೆಯಲ್ಲಿದ್ದಾಗ, ತಲೆ ಉಳಿಯುತ್ತದೆಯೋ ಇಲ್ಲವೋ ಎಂಬುದು ಇನ್ನೂ ನಿರ್ಧಾರವಾಗದಿದ್ದಾಗ. ಕನ್ನಡ ಬೈಬಲಿನ ಅನುವಾದಕರು ಅಲ್ಲಿ 'ಸಂತೋಷ' ಎಂಬ ಪದವನ್ನು ಆರಿಸಿಕೊಂಡರು. ಬಡ್ತಿ ಸಿಕ್ಕಾಗಲೂ ನಾವು ಆಡುವ ಪದ ಅದು. ಅಷ್ಟು ಸವೆದ ಪದಕ್ಕೆ ಅಷ್ಟು ಭಾರ ಹೊರಿಸಬಹುದೇ ಎಂಬ ಅನುಮಾನ ನನ್ನದು. ಆ ಚರ್ಚೆ ಇನ್ನೊಮ್ಮೆ ಆಗಲಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಕಾರ್ಕಳದ ಮಾಳದ ಬಳಿಯ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ನೆರೆಹೊರೆಯವರ ವಿರೋಧ ಕಟ್ಟಿಕೊಂಡವರು. ಮಗಳು ಕೂಸಾಗಿದ್ದಾಗಲೇ ಸಂಸಾರ ಕಾಡು ಬಿಟ್ಟು ತೀರ್ಥಯಾತ್ರೆ ಹೊರಟಿತು. ಪುರಾಣ ಹೇಳುತ್ತ, ಕೇಳಿದವರು ಕೊಟ್ಟದ್ದರಲ್ಲಿ ಬದುಕುತ್ತ ದೇಶವೆಲ್ಲ ನಡೆದರು. ಸಂಸ್ಕೃತವನ್ನು ತಾಯಿಯ ಬಾಯಿಂದ ಕಲಿತ ಆಕೆ ದಾರಿಯಲ್ಲೇ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳನ್ನೂ ಕಲಿತರು. 1870ರ ದಶಕದ ಬರಗಾಲದಲ್ಲಿ ತಂದೆ ಹೋದರು, ತಾಯಿ ಹೋದರು, ಅಕ್ಕ ಹೋದಳು. ಉಳಿದ ಅಣ್ಣನೊಡನೆ ಕಲ್ಕತ್ತೆಗೆ ಹೋದಾಗ, 1878ರಲ್ಲಿ, ಅಲ್ಲಿಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಹೋದ. ಅದೇ ವರ್ಷ ಮದುವೆ, 1882ರಲ್ಲಿ ವೈಧವ್ಯ. ಮಡಿಲಲ್ಲಿ ಮಗಳು ಮನೋರಮಾ. ಆಗ ರಮಾಬಾಯಿಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ.

1883ರಲ್ಲಿ ವೈದ್ಯ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ಅದೇ ವರ್ಷ ವಾಂಟೇಜಿನಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಕಥೆ ಇಲ್ಲಿಗೆ ಮುಗಿದಿದ್ದರೆ ಪೆಂಡಾಲಿನವರಿಗೂ ಅನುಕೂಲವಾಗುತ್ತಿತ್ತು, ನಗುವವರಿಗೂ ಅನುಕೂಲವಾಗುತ್ತಿತ್ತು. ಎಲ್ಲ ಕಳೆದುಕೊಂಡವಳಿಗೆ ಒಂದು ಆಸರೆ ಸಿಕ್ಕಿತು, ಸುಖವಾಯಿತು.

ಹಾಗಾಗಲಿಲ್ಲ. ದೀಕ್ಷೆಯ ನಂತರ ಸುಮಾರು ಎಂಟು ವರ್ಷ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತ ಸಿಕ್ಕಿರಲಿಲ್ಲವೆಂದು ಅವರೇ 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ಹೇಳಿಕೊಂಡಿದ್ದಾರೆ. ಇದು ಸಾಮಾನ್ಯ ಮಾತಲ್ಲ. ಮತ ಬದಲಿಸಿ ಊರಿನ ಬೈಗುಳವನ್ನೆಲ್ಲ ತಿಂದ ಹೆಂಗಸು, ಆ ಬೈಗುಳಕ್ಕೆ ಬದಲಾಗಿ ಸಿಗಬೇಕಾಗಿದ್ದ ನೆಮ್ಮದಿ ಇನ್ನೂ ಸಿಕ್ಕಿಲ್ಲವೆಂದು ಒಪ್ಪಿಕೊಳ್ಳುವುದು. ಆ ವರ್ಷಗಳಲ್ಲಿ ಅವರು ತಮಗೆ ಕ್ರೈಸ್ತ ಬೋಧನೆ ಕೊಟ್ಟ ಸನ್ಯಾಸಿನಿಯರೊಡನೆ ಪತ್ರದಲ್ಲಿ ಜಗಳಾಡಿದರು. ಶಿಲುಬೆಯ ಮೇಲೆ ಲ್ಯಾಟಿನ್ನೇ ಏಕಿರಬೇಕು, ಸಂಸ್ಕೃತವೇಕಿರಬಾರದು ಎಂದು ಕೇಳಿದರು. ಇತ್ತ ಪುಣೆಯಲ್ಲಿ ಅವರ ಶಾರದಾ ಸದನದ ಮೇಲೆ ಮತಾಂತರದ ಆರೋಪ ಬಂದು ಅನೇಕ ಮನೆಯವರು ಹುಡುಗಿಯರನ್ನು ಹಿಂದಕ್ಕೆ ಕರೆದೊಯ್ದರು. ಎರಡು ಕಡೆಯವರಿಗೂ ಬೇಡವಾದವರು ಗುಳಿಗೆ ನುಂಗಿ ಮಲಗಿದವರಲ್ಲ ಎಂಬುದಂತೂ ಸ್ಪಷ್ಟ.

ಕೊನೆಗೆ ಸಿಕ್ಕಿದ ಆನಂದವಾದರೂ ಏನು ಮಾಡಿತು? 1896-97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ಹಸಿದ ವಿಧವೆಯರನ್ನೂ ಅನಾಥ ಹುಡುಗಿಯರನ್ನೂ ಕರೆತಂದರು. ಕೇಡಗಾಂವದ 'ಮುಕ್ತಿ' ಬೆಳೆದದ್ದು ಅವರಿಂದ. ತಾನು ಹಿಂದೊಮ್ಮೆ ಅನುಭವಿಸಿದ್ದ ಹಸಿವು ಕಣ್ಣೆದುರಿಗೆ ಬಂದಾಗ ಅವರು ಓಡಿ ತಪ್ಪಿಸಿಕೊಳ್ಳಲಿಲ್ಲ. ಅದರ ಮನೆಗೇ ನಡೆದರು. ನಾನು ಶಾಶ್ವತ ಎನ್ನುವುದು ಇದನ್ನು. ದುಃಖವನ್ನು ಮರೆಸುವ ಸುಖಕ್ಕೆ ದುಃಖದ ಭಯ ಇದ್ದೇ ಇರುತ್ತದೆ. ರಮಾಬಾಯಿಯ ಆನಂದಕ್ಕೆ ಆ ಭಯ ಇರಲಿಲ್ಲ.

ಅವರ ಎಲ್ಲ ನಿಲುವುಗಳೂ ನನಗೆ ಒಪ್ಪಿಗೆಯಿಲ್ಲ. 1905ರಲ್ಲಿ ಮುಕ್ತಿಯಲ್ಲಿ ಎದ್ದ ಅಳು, ಕೂಗು, ಸಾಮೂಹಿಕ ಪ್ರಾರ್ಥನೆಗಳ ಅಲೆಯನ್ನು ಅವರ ಅಭಿಮಾನಿಗಳು ಅತ್ಯಂತ ದೊಡ್ಡ ಘಟನೆಯೆಂದು ಬಣ್ಣಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಕಾಲದಲ್ಲಿ ಅವರು ಕೈಗೆತ್ತಿಕೊಂಡ ಸದ್ದಿಲ್ಲದ ಕೆಲಸ: ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತರುವುದು. ಆಗ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಭೂಯಿಷ್ಠ ಭಾಷೆ ಹಳ್ಳಿಯ ಹೆಂಗಸರಿಗೆ ಅರ್ಥವಾಗುವುದಿಲ್ಲವೆಂಬುದು ಅವರ ಆಕ್ಷೇಪ. 'ಸರಸ್ವತಿ' ಎಂಬ ಬಿರುದು ಹೊತ್ತವರು ತಮ್ಮ ಬರಹದಿಂದ ಸಂಸ್ಕೃತ ಪದಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಆ ಅನುವಾದದ ಗದ್ಯ ಸೊಗಸಾಗಿಲ್ಲವೆಂದು ಮರಾಠಿ ಬಲ್ಲವರು ಹೇಳಿದರೆ ನಾನು ವಾದಿಸಲಾರೆ. ಆದರೆ ತನ್ನ ಅತಿ ದೊಡ್ಡ ಆಸ್ತಿಯನ್ನು ಬೇರೊಬ್ಬರ ಓದಿಗಾಗಿ ಕೈಬಿಡಲು ಎಂಥ ತೃಪ್ತಿ ಬೇಕು ಎಂಬುದು ಬರೆಯುವವರಿಗೆಲ್ಲ ಗೊತ್ತಿರುವ ಸಂಗತಿ.

ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು ಅಲ್ಲಿಯ ಹೆಂಗಸರೇ. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ತಾಯಿಯ ನಂತರ ಸಂಸ್ಥೆಯನ್ನು ನಡೆಸಬೇಕಾಗಿದ್ದವಳು ಅವಳು. ಆ ಸಾವಿನ ನಂತರವೂ ರಮಾಬಾಯಿ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. ಪುಸ್ತಕ ಹೊರಬಂದದ್ದು 1924ರಲ್ಲಿ. ಪುಣೆಯಿಂದ ದೌಂಡ್, ಸೋಲಾಪುರದ ಮೇಲೆ ಕಲಬುರಗಿಗೆ ಹೋಗುವ ರೈಲು ಈಗಲೂ ಆ ಊರನ್ನು ದಾಟಿಯೇ ಹೋಗುತ್ತದೆ. ಊರಿಗೆ ಹೊರಟ ನಮ್ಮವರು ಸಾಮಾನ್ಯವಾಗಿ ಆ ಹೊತ್ತಿಗೆ ಬುತ್ತಿ ಬಿಚ್ಚುತ್ತಿರುತ್ತಾರೆ.